ಪ್ರತಿಕ್ರಿಯೆ: ಕಾಪು ಬಂಡೆಯಲ್ಲಿ ಕ್ವಾಡ್ರಾಟ್ ಲೆಕ್ಕ
ಸರ್, ಮೂವತ್ತು ಬಿ.ಎಸ್ಸಿ. ಮಕ್ಕಳನ್ನು ಉಡುಪಿ ಬಳಿಯ ಕಾಪು ದೀಪಸ್ತಂಭದ ಬಂಡೆಗೆ ಯಾವಾಗ ಕರೆತರಬೇಕು, ಕ್ವಾಡ್ರಾಟ್ (ಬಂಡೆ ಮೇಲಿಟ್ಟು ಒಳಗಿನ ಜೀವಿಗಳನ್ನು ಎಣಿಸುವ ಚೌಕಟ್ಟು) ಹೇಗೆ ಮಾಡಬೇಕು ಎಂದು ಕೇಳಿದ್ದೀರಿ. ಬಸ್ ಸಿಗುವ ದಿನಕ್ಕೆ ಹೊಂದಿಸಿದರೆ ಬರೀ ನೀರು ನೋಡಿ ಬರಬೇಕಾದೀತು. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಒಂದೆರಡು ದಿನದೊಳಗೆ, ಹಗಲಿನ ಇಳಿತಕ್ಕೆ (ಸಮುದ್ರದ ನೀರು ತೀರಾ ಕೆಳಗಿಳಿಯುವ ಹೊತ್ತಿಗೆ) ಒಂದೂವರೆ ಗಂಟೆ ಮೊದಲೇ ಬಂಡೆ ಮೇಲಿರಿ. ನೀರು ತಿರುಗಿದ ಅರ್ಧ ಗಂಟೆಗೆ ಎದ್ದುಬಿಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಅರ್ಧ ಇಂಚಿನ ಪಿವಿಸಿ ಪೈಪು 50 ಸೆಂ.ಮೀ.ನ ನಾಲ್ಕು ತುಂಡು, ನಾಲ್ಕು ಎಲ್ಬೋ ಸಾಕು. 10 ಸೆಂ.ಮೀ.ಗೊಂದು ದಾರ ಕಟ್ಟಿದರೆ 25 ಚೌಕ. ಪೈಪಿಗೆ ಅಲ್ಲಲ್ಲಿ ತೂತು ಕೊರೆಯಿರಿ, ಇಲ್ಲದಿದ್ದರೆ ಒಳಗಿನ ಗಾಳಿಗೆ ನೀರಿನ ಹೊಂಡದಲ್ಲಿ ತೇಲುತ್ತದೆ. ಮಕ್ಕಳು ಪಚ್ಚಿಲೆ (ಬಂಡೆಗೆ ಅಂಟಿರುವ ಹಸಿರು ಚಿಪ್ಪಿನ ಜೀವಿ) ದಟ್ಟವಾಗಿರುವ ಕಡೆಗೇ ಚೌಕಟ್ಟು ಇಡುತ್ತಾರೆ (ಪ್ರತಿ ಬ್ಯಾಚಿನದೂ ಇದೇ ಕಥೆ), ಲೆಕ್ಕ ಕೆಡುವುದೇ ಅಲ್ಲಿ. ದಡದಿಂದ ನೀರಿನವರೆಗೆ ಹಗ್ಗ ಎಳೆದು 2 ಮೀಟರಿಗೊಮ್ಮೆ ಇಡಿಸಿ. ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಿಸಿ. ಅಡಿಭಾಗದ ಜೀವಿಗಳು ಬಿಸಿಲಿಗೆ ಒಣಗಿಹೋಗುತ್ತವೆ.