ಬಿಲ್ಡ್ ಆಯ್ಕೆಯ ವಿವರಣೆ ಮತ್ತು ಮೂಡದ ಒತ್ತಕ್ಷರ

ಪ್ರಶ್ನೆ: ಮಕ್ಕಳಿಗೆ ಕನ್ನಡ ಕಲಿಸುವ ಪುಟ್ಟ ಆಟವೊಂದನ್ನು ರಚಿಸುತ್ತಿದ್ದೇನೆ. ತೆರೆಯ ಮೇಲೆ ‘ಕನ್ನಡ’ ಎಂದು ಬರೆಸಿದರೆ ಒತ್ತಕ್ಷರ ಕೆಳಗೆ ಕೂರದೆ ‘ಕನ್‌ನಡ’ ಎಂಬಂತೆ ಮೂಡುತ್ತಿತ್ತು. ಫಾಂಟ್ ಬದಲಿಸುತ್ತ ಎರಡು ದಿನ ಕಳೆದ ಮೇಲೆ, ಅಕ್ಷರ ಮೂಡಿಸುವ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಕಟ್ಟನ್ನು) ಬಿಲ್ಡ್ ಮಾಡುವಾಗಲೇ, ಅಂದರೆ ಮೂಲ ಕೋಡ್‌ನಿಂದ ತಯಾರಿಸುವಾಗಲೇ, ಒಂದು ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕಿತ್ತೆಂದು ತಿಳಿಯಿತು. ಅದಕ್ಕಿರುವ ವಿವರಣೆ ‘ಹಾರ್ಫ್‌ಬಜ್ ಬೆಂಬಲವನ್ನು ಸೇರಿಸುತ್ತದೆ’ ಎಂಬ ಒಂದೇ ಸಾಲು. ನಾನು ಆ ಲೈಬ್ರರಿಯ ತಂಡದವನಲ್ಲ. ಆದರೂ ಈ ವಿವರಣೆಯನ್ನು ತಿದ್ದಿ ಕಳುಹಿಸಬಹುದೇ? ಏನೆಂದು ಬರೆಯಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಕಳುಹಿಸಿ. ಈ ತಿದ್ದುಪಡಿಗೆ ತಂಡದವರಿಗಿಂತ ನೀವೇ ಹೆಚ್ಚು ತಕ್ಕವರು ಎಂದು ನನಗನ್ನಿಸುತ್ತದೆ. ಆ ಸಾಲು ಆಯ್ಕೆಯ ಹೆಸರನ್ನೇ ಇನ್ನೊಮ್ಮೆ ಹೇಳುತ್ತದೆಯೇ ಹೊರತು ಬೇರೇನನ್ನೂ ತಿಳಿಸುವುದಿಲ್ಲ. ಬರೆದವರಿಗೆ ಹಾರ್ಫ್‌ಬಜ್ ಏನೆಂದು ಗೊತ್ತಿತ್ತು. ಅದಿಲ್ಲದೆಯೂ ಇಂಗ್ಲಿಷ್ ಪಠ್ಯ ಬಹುಮಟ್ಟಿಗೆ ಸರಿಯಾಗಿಯೇ ಕಾಣುವುದರಿಂದ, ಅದಿಲ್ಲದಿದ್ದರೆ ಏನಾಗುತ್ತದೆಂಬುದು ಅವರ ಕಣ್ಣಿಗೆ ಬಿದ್ದಿರಲಾರದು. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ ಕ, ನ, ಹಲಂತ (್), ನ, ಡ ಎಂಬ 5 ಸಂಕೇತಗಳಾಗಿರುತ್ತದೆ. ನಡುವಿನ ಮೂರನ್ನು ಕೂಡಿಸಿ ‘ನ್ನ’ ಆಗಿಸಲು ಫಾಂಟಿನಲ್ಲಿರುವ ನಿಯಮಗಳನ್ನು ಓದಿ ಅನ್ವಯಿಸುವ ಕೆಲಸವೇ ಹಾರ್ಫ್‌ಬಜ್‌ನದು. ಆ ಕೆಲಸ ಮಾಡುವವರು ಯಾರೂ ಇಲ್ಲದಿದ್ದರೆ, ಫಾಂಟ್ ಎಷ್ಟೇ ಚೆನ್ನಾಗಿದ್ದರೂ ಒತ್ತಕ್ಷರ ಮೂಡುವುದಿಲ್ಲ.

ಬರೆಯುವ ಮೊದಲು ಎರಡು ಬೇರೆ ಬೇರೆ ಫೋಲ್ಡರುಗಳಲ್ಲಿ, ಒಮ್ಮೆ ಆಯ್ಕೆಯನ್ನು ಆನ್ ಮಾಡಿ, ಇನ್ನೊಮ್ಮೆ ಆಫ್ ಮಾಡಿ, ಹೊಸದಾಗಿಯೇ ಬಿಲ್ಡ್ ಮಾಡಿ ನೋಡಿ. ಹೊಸ ಫೋಲ್ಡರ್ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆ ಲೈಬ್ರರಿ ಸಿಮೇಕ್ ಎಂಬ ಬಿಲ್ಡ್ ಸಾಧನವನ್ನು ಬಳಸುತ್ತಿದ್ದರೆ, ಮೊದಲ ಸಲ ಕೊಟ್ಟ ಮೌಲ್ಯಗಳೆಲ್ಲ ಬಿಲ್ಡ್ ಫೋಲ್ಡರಿನ ಕ್ಯಾಶ್ ಕಡತದಲ್ಲಿ ಉಳಿದುಬಿಡುತ್ತವೆ; ಆಮೇಲೆ ಯೋಜನೆಯವರು ಡೀಫಾಲ್ಟ್ (ನಾವೇನೂ ಆರಿಸದಿದ್ದಾಗ ಇರುವ ಸ್ಥಿತಿ) ಬದಲಿಸಿದರೂ ಹಳೆಯ ಫೋಲ್ಡರಿನಲ್ಲಿ ಹಳೆಯ ಮೌಲ್ಯವೇ ನಡೆಯುತ್ತದೆ. ಇದು ತಿಳಿಯದೆ ನಾನೊಮ್ಮೆ ಡೀಫಾಲ್ಟ್ ‘ಆನ್’ ಎಂದು ತಪ್ಪಾಗಿ ಬರೆದು ಕಳುಹಿಸಿದ್ದೆ. ಪರಿಶೀಲಿಸಿದವರು ತಿದ್ದಿದ ಮೇಲಷ್ಟೇ ನನ್ನ ತಪ್ಪು ಗೊತ್ತಾಯಿತು.

ಇನ್ನು ಬರಹದ ವಿಷಯ. ಕಳುಹಿಸುವುದು ಇಂಗ್ಲಿಷಿನಲ್ಲೇ ಆದರೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಹೇಳಬೇಕಾದದ್ದು ಏನೆಂಬುದು ನಿಮಗೇ ಸ್ಪಷ್ಟವಾಗುತ್ತದೆ. ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಅಕ್ಷರಗಳನ್ನು ಕೂಡಿಸಲು ಹಾರ್ಫ್‌ಬಜ್ ಬಳಸುತ್ತದೆ. ಆಫ್ ಮಾಡಿದರೆ ಕನ್ನಡ, ದೇವನಾಗರಿ, ಅರೇಬಿಕ್ ಮುಂತಾದ ಲಿಪಿಗಳು ತಪ್ಪಾಗಿ ಮೂಡುತ್ತವೆ. ಹಾರ್ಫ್‌ಬಜ್ ಲೈಬ್ರರಿಯನ್ನು ಮೊದಲೇ ಸ್ಥಾಪಿಸಿರಬೇಕು. ಡೀಫಾಲ್ಟ್: ಆಫ್.’ ಡೀಫಾಲ್ಟ್ ಯಾವುದೆಂಬುದನ್ನು ನೀವು ಕಂಡಂತೆಯೇ ಬರೆಯಿರಿ. ಇಲ್ಲಿ ಮುಖ್ಯವಾದದ್ದು ಎರಡನೆಯ ವಾಕ್ಯ. ಹಾರ್ಫ್‌ಬಜ್ ಎಂಬ ಹೆಸರನ್ನೇ ಕೇಳದವರು ಕೂಡ ತಮ್ಮ ಲಿಪಿಯ ಹೆಸರನ್ನು ಅಲ್ಲಿ ಕಂಡ ಕೂಡಲೇ ಓದುವುದನ್ನು ನಿಲ್ಲಿಸಿ ಆಯ್ಕೆಯನ್ನು ಆನ್ ಮಾಡುತ್ತಾರೆ.

ಹಾರ್ಫ್‌ಬಜ್ ಲೈಬ್ರರಿ ಸಿಗದಿದ್ದರೆ ಬಿಲ್ಡ್ ನಿಲ್ಲುತ್ತದೆಯೋ ಅಥವಾ ಸದ್ದಿಲ್ಲದೆ ಆ ಸೌಲಭ್ಯವನ್ನು ಬಿಟ್ಟು ಮುಂದುವರಿಯುತ್ತದೆಯೋ ಎಂಬುದನ್ನೂ ಸೇರಿಸಿ. ಸಿಮೇಕ್‌ನಂಥದೇ ಇನ್ನೊಂದು ಸಾಧನವಾದ ಮೆಸಾನ್‌ನಲ್ಲಿ ಆನ್, ಆಫ್‌ಗಳ ಜೊತೆಗೆ ‘ಆಟೋ’ ಎಂಬ ಮೂರನೆಯ ಸ್ಥಿತಿಯೂ ಇದೆ. ಹಾಗೆ ಇಟ್ಟಾಗ, ಲೈಬ್ರರಿ ಸಿಕ್ಕದಿದ್ದರೂ ಬಿಲ್ಡ್ ಯಶಸ್ವಿಯಾಗಿಯೇ ಮುಗಿದು, ದೋಷ ಬಳಕೆದಾರರ ತೆರೆಯ ಮೇಲಷ್ಟೇ ಕಾಣಿಸಿಕೊಳ್ಳಬಹುದು.

ತಿದ್ದುಪಡಿಯನ್ನು ಯೋಜನೆಯ ಪರಿಚಯವಿರುವ ರೀಡ್‌ಮಿ ಕಡತಕ್ಕಷ್ಟೇ ಸೀಮಿತಗೊಳಿಸಬೇಡಿ. ಸಿಮೇಕ್‌ನಲ್ಲಿ ಆಯ್ಕೆಯನ್ನು ಘೋಷಿಸುವ ಸಾಲಿನಲ್ಲೇ ವಿವರಣೆಗೆ ಜಾಗವಿದೆ. ಚಿತ್ರರೂಪದ ಸಿಮೇಕ್ ಕಿಟಕಿಯಲ್ಲಿ ಕಾಣಿಸುವುದೂ ಅದೇ ಪಠ್ಯ. ಜಾಗ ಚಿಕ್ಕದಾದ್ದರಿಂದ ಲಿಪಿಗಳ ಮಾತನ್ನು ಅಲ್ಲಿಡಿ, ಉಳಿದದ್ದನ್ನು ರೀಡ್‌ಮಿಯಲ್ಲಿ ಬರೆಯಿರಿ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು ಇದನ್ನು ಬಹಳ ಹಿಂದೆಯೇ ಅರಿತುಕೊಂಡಿದ್ದಾರೆ. ಅವರ ಕೆ-ಕಾನ್ಫಿಗ್ ಕಡತಗಳಲ್ಲಿ ಆಯ್ಕೆಯ ಘೋಷಣೆಯ ಕೆಳಗೇ ಸಹಾಯದ ಪಠ್ಯವಿರುತ್ತದೆ; ಎಷ್ಟೋ ಕಡೆ ಅದರ ಕೊನೆಯಲ್ಲಿ, ಖಚಿತವಿಲ್ಲದಿದ್ದರೆ ‘ಎನ್’ (ಬೇಡ) ಎನ್ನಿ ಅಥವಾ ‘ವೈ’ (ಬೇಕು) ಎನ್ನಿ ಎಂಬ ಸಲಹೆಯೂ ಇರುತ್ತದೆ. ಹೊಸ ಆಯ್ಕೆಯೊಂದಕ್ಕೆ 4 ಸಾಲಿಗಿಂತ ಕಡಿಮೆ ವಿವರಣೆ ಬರೆದರೆ, ಪ್ಯಾಚ್ (ಸೇರಿಸಲೆಂದು ಕಳುಹಿಸಿದ ತಿದ್ದುಪಡಿ) ಪರೀಕ್ಷಿಸುವ ಅವರ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಎಚ್ಚರಿಸುತ್ತದೆ. ‘ಖಚಿತವಿಲ್ಲದಿದ್ದರೆ’ ಎಂಬ ಆ ಸಾಲು ನನಗೆ ತುಂಬ ಹಿಡಿಸುತ್ತದೆ. ತಿಳಿಯದೆ ಬಂದವರನ್ನೂ ಓದುಗರೆಂದು ಎಣಿಸಿ ಬರೆದದ್ದು ಅದು. ನಿಮ್ಮ ಬರಹದಲ್ಲೂ ‘ಯಾವ ಭಾಷೆಯ ಪಠ್ಯ ಬರುವುದೆಂದು ಖಚಿತವಿಲ್ಲದಿದ್ದರೆ ಆನ್ ಇಡಿ’ ಎಂದು ಸೇರಿಸಿದರೆ ಒಳ್ಳೆಯದು.

ಕಳುಹಿಸುವಾಗ ಈ ಒಂದು ಆಯ್ಕೆಯನ್ನಷ್ಟೇ ಮುಟ್ಟಿ. ಬೇರೆ ಆಯ್ಕೆಗಳ ವಿವರಣೆ ಕೆಟ್ಟದಾಗಿದ್ದರೆ ಅವುಗಳಿಗೆ ಪ್ರತ್ಯೇಕ ಪ್ಯಾಚ್ ಇರಲಿ. ಡೀಫಾಲ್ಟನ್ನೇ ಬದಲಿಸಬೇಕೆಂಬ ವಾದವನ್ನೂ ಇದರೊಳಗೆ ತರಬೇಡಿ, ಏಕೆಂದರೆ ಅದರ ಚರ್ಚೆ ಲಂಬಿಸಿ ವಿವರಣೆಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಬಿಲ್ಡ್‌ಗಳಲ್ಲಿ ‘ಕನ್ನಡ’ ಪದ ಮೂಡಿದ ಎರಡು ಚಿತ್ರಗಳನ್ನು ಜೊತೆಗೆ ಲಗತ್ತಿಸಿ, ಕನ್ನಡ ಓದಲು ಬಾರದ ಪರಿಶೀಲಕರಿಗಾಗಿ ಯಾವುದು ಸರಿ, ಯಾವುದು ತಪ್ಪು ಎಂದು ಪ್ರತಿ ಚಿತ್ರದ ಕೆಳಗೂ ಬರೆಯಿರಿ.