ಹುಲ್ಲುಹಾಸಿನ ಹಳದಿ ಕಲೆಗಳು: ನಾಯಿಯ ಮೂತ್ರವೇ ಕಾರಣವಿರಬಹುದು

ಮನೆಯ ಹುಲ್ಲುಹಾಸಿನಲ್ಲಿ ಅಲ್ಲಲ್ಲಿ ಹಳದಿ ಕಲೆಗಳಾಗುತ್ತಿವೆ, ಏಕೆ ಮತ್ತು ಏನು ಮಾಡಬೇಕು ಎಂದು ಕೇಳಿದ್ದೀರಿ. ನೀವು ವಿವರಿಸಿರುವಂತೆ ನಡುವೆ ಒಣಗಿ ಸುತ್ತಲೂ ಕಡುಹಸಿರು ಅಂಚಿರುವ ಕಲೆಗಳು, ಬಹುಮಟ್ಟಿಗೆ ನಾಯಿಯ ಮೂತ್ರದಲ್ಲಿರುವ ಸಾರಜನಕ ಮತ್ತು ಲವಣಗಳು ಒಂದೇ ಕಡೆ ಅತಿಯಾಗಿ ಬಿದ್ದುದರ ಪರಿಣಾಮ. ಹಸಿರು ಅಂಚಿಲ್ಲದೆ, ಎಳೆದರೆ ಹುಲ್ಲು ಬೇರಿಲ್ಲದೆ ಕಿತ್ತು ಬರುವುದಾದರೆ ಮಣ್ಣಿನೊಳಗೆ ಬೇರು ತಿನ್ನುವ ಗೊಣ್ಣೆಹುಳುವನ್ನು ಶಂಕಿಸಬೇಕು. ನಾಯಿ ಮೂತ್ರ ಮಾಡಿದ ಕೂಡಲೇ ಆ ಜಾಗಕ್ಕೆ ಒಂದೆರಡು ಚೊಂಬು ನೀರು ಸುರಿಯಿರಿ. ಆದರೆ ನಮ್ಮ ಕೋಲಾರದ ಕಡೆ ಬೇಸಿಗೆಯಲ್ಲಿ ಕೊಳವೆಬಾವಿಯನ್ನು ನೆಚ್ಚಿಕೊಂಡು ಇದನ್ನೇ ದಿನವೂ ಮಾಡುವುದು ಕಷ್ಟವಾದ್ದರಿಂದ, ಮೂಲೆಯೊಂದರಲ್ಲಿ ಮರಳು ಹಾಸಿ, ಬೆಳಿಗ್ಗೆ ಎದ್ದೊಡನೆ ನಾಯಿಯನ್ನು ಕಟ್ಟಿಕೊಂಡು ಅಲ್ಲಿಗೇ ಕರೆದೊಯ್ದು ರೂಢಿ ಮಾಡಿಸುವುದೇ ನನ್ನ ದೃಷ್ಟಿಯಲ್ಲಿ ಬಾಳುವ ಉಪಾಯ. ಈಗಾಗಲೇ ಕಲೆಯಾಗಿರುವ ಕಡೆ ಸತ್ತ ಹುಲ್ಲನ್ನು ಕೆರೆದು ತೆಗೆದು, ಮಣ್ಣನ್ನು ಚೆನ್ನಾಗಿ ನೆನೆಸಿ, ಮೇಲ್ಮಣ್ಣು ಬದಲಿಸಿ ಗರಿಕೆಯ ಕುಡಿಗಳನ್ನು ನೆಡಿ. ಅವು ಬೇರೂರುವವರೆಗೆ ಅಲ್ಲಿಗೆ ಯೂರಿಯಾ ಹಾಕಬೇಡಿ. ಮೂತ್ರದ ಗುಣವನ್ನು ಬದಲಿಸುತ್ತವೆಂದು ಮಾರುವ ಮಾತ್ರೆಗಳನ್ನು ಪಶುವೈದ್ಯರನ್ನು ಕೇಳದೆ ಕೊಡಬೇಡಿ.