ಓದುಗರ ಪ್ರಶ್ನೆ: ದೂರದ ಊರಿಗೆ ಮನೆ ಸಾಗಿಸುವ ಮುನ್ನ

ಪ್ರಶ್ನೆ: ಪತಿಯವರಿಗೆ ವರ್ಗವಾಗಿದ್ದು, ಇನ್ನು ಆರು ವಾರಗಳಲ್ಲಿ ನಾವು ಸುಮಾರು 1,800 ಕಿಲೋಮೀಟರ್ ದೂರದ ಊರಿಗೆ ಹೋಗಬೇಕಾಗಿದೆ. ಸಾಮಾನು ಲಾರಿಯಲ್ಲಿ ತಲುಪಲು ಐದಾರು ದಿನ ಹಿಡಿಯುತ್ತದೆ. 76 ವರ್ಷದ ಅತ್ತೆಯವರಿಗೆ ದೃಷ್ಟಿ ಮಂದವಾಗಿದೆ. ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾಲ್ಕನೆಯ ತರಗತಿಯ ಮಗಳು ಹೊರಡುವ ಮಾತೆತ್ತಿದರೆ ಅಳುತ್ತಾಳೆ. ಎಲ್ಲಿಂದ ಆರಂಭಿಸಬೇಕೆಂದೇ ತೋಚುತ್ತಿಲ್ಲ.

ಉತ್ತರ: ರಟ್ಟಿನ ಪೆಟ್ಟಿಗೆಗಳನ್ನು ತರಿಸುವ ಮೊದಲು ಒಂದು ಕ್ರಮವನ್ನು ನಿಶ್ಚಯಿಸಿಕೊಳ್ಳಿ. ಈ ಬದಲಾವಣೆ ಯಾರಿಗೆ ಹೆಚ್ಚು ಕಷ್ಟವೋ ಅವರ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಕಳಚಬೇಕು, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಜೋಡಿಸಬೇಕು. ನಿಮ್ಮ ಮನೆಯಲ್ಲಿ ಅದು ಅತ್ತೆಯವರ ಕೋಣೆ. ಸಾಮಾನ್ಯವಾಗಿ ನಾವು ಇದಕ್ಕೆ ವಿರುದ್ಧವಾಗಿ, ವಯಸ್ಸಾದವರ ಬಳಿ ಸಾಮಾನು ಕಡಿಮೆಯೆಂದು ಅವರದನ್ನೇ ಮೊದಲು ಕಟ್ಟಿಬಿಡುತ್ತೇವೆ. ಆಮೇಲೆ ಅವರು ವಾರಗಟ್ಟಲೆ ಬೋಳು ಕೋಣೆಯಲ್ಲಿ ಕೂತಿರಬೇಕಾಗುತ್ತದೆ.

ಈ ವಾರವೇ ವೈದ್ಯರನ್ನು ಕಂಡು, ಔಷಧಿಗಳ ಹೆಸರು ಮತ್ತು ಪ್ರಮಾಣವನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಪ್ರಯಾಣದ ದಿನಗಳಿಗಲ್ಲದೆ ಹೊಸ ಊರಿನಲ್ಲಿ ವೈದ್ಯರು ಸಿಗುವವರೆಗೂ ಸಾಲುವಷ್ಟು ಔಷಧಿ ಕೈಯಲ್ಲಿರಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಆದರೆ ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಆದ್ದರಿಂದ ಮಂಜುಗಡ್ಡೆಗೆ ನೇರವಾಗಿ ತಾಗಿಸದೆ, ಬಟ್ಟೆ ಸುತ್ತಿ ತಂಪು ಚೀಲದಲ್ಲಿಟ್ಟು ನಿಮ್ಮ ಜೊತೆಯಲ್ಲೇ ಒಯ್ಯಿರಿ. ಅದನ್ನು ಲಾರಿಗೂ, ವಿಮಾನವಾದರೆ ಕೆಳಗಿನ ಸರಕಿಗೂ ಹಾಕಲೇಬಾರದು. ಮೂಲ ದಾಖಲೆಪತ್ರಗಳು, ಮಗಳ ಶಾಲೆಯ ವರ್ಗಾವಣೆ ಪತ್ರ, ಒಡವೆ, ಅತ್ತೆಯವರ ಹಳೆಯ ಕನ್ನಡಕ (ಹೊಸದು ಒಡೆದರೆ ಅದೇ ದಿಕ್ಕು), ಇವೆಲ್ಲ ನಿಮ್ಮ ಜೊತೆಯಲ್ಲಿರುವ ಕೈಚೀಲಕ್ಕೆ ಸೇರಲಿ.

ಮಗಳು ಅಳುವುದನ್ನು ತಡೆಯಲು ಹೋಗಬೇಡಿ. ಅವಳು ಬಿಟ್ಟುಹೋಗುತ್ತಿರುವುದು ಗೆಳತಿಯರನ್ನು. ಹೊಸ ಊರು ಎಷ್ಟು ಚೆನ್ನಾಗಿದೆಯೆಂದು ವರ್ಣಿಸಿದರೆ ಆ ದುಃಖಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಒಂದು ಪೆಟ್ಟಿಗೆಯನ್ನು ಪೂರ್ತಿಯಾಗಿ ಅವಳಿಗೇ ಬಿಡಿ. ಅದರಲ್ಲಿ ಏನಿರಬೇಕೆಂದು ಅವಳೇ ತೀರ್ಮಾನಿಸಲಿ, ನೀವು ಯಾವುದನ್ನೂ ಬೇಡವೆಂದು ತೆಗೆಯಬೇಡಿ. ಗೆಳತಿಯರ ಮನೆಯವರ ಫೋನ್ ಸಂಖ್ಯೆಗಳನ್ನು ಅವಳ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಸಿ.

ಇನ್ನು ಸಾಮಾನು. ಐದಾರು ದಿನ ಕುಲುಕಾಡುವ ಪಯಣಕ್ಕೆ ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬಿ. ದೊಡ್ಡದರಲ್ಲಿ ತುಂಬಿದರೆ ಎತ್ತುವಾಗ ತಳವೇ ಕಳಚುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಕಾಗದ ಸುತ್ತಿ ಅಂಚಿನ ಮೇಲೆ ನಿಲ್ಲಿಸಿ. ಫ್ರಿಜ್ ಅನ್ನು ಹಿಂದಿನ ದಿನವೇ ಆರಿಸಿ, ನೀರೆಲ್ಲ ಇಳಿದ ಮೇಲೆ ಒರೆಸಿ ಒಣಗಿಸಿ, ನಿಲ್ಲಿಸಿಯೇ ಸಾಗಿಸಲು ಹೇಳಿ; ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಸ್ವಸ್ಥಾನಕ್ಕೆ ಇಳಿಯುವಂತೆ ಹಲವು ಗಂಟೆ ನೆಟ್ಟಗೆ ನಿಲ್ಲಿಸಿದ ಬಳಿಕವೇ ಚಾಲೂ ಮಾಡಬೇಕು. ಮುಂದಿನಿಂದ ಬಟ್ಟೆ ಹಾಕುವ (ಫ್ರಂಟ್ ಲೋಡ್) ವಾಷಿಂಗ್ ಮಷೀನ್ ಇದ್ದರೆ, ಕೊಂಡಾಗ ಬಂದ ಸಾಗಣೆ ಬೋಲ್ಟುಗಳನ್ನು ಹುಡುಕಿ ಮತ್ತೆ ಹಾಕಿಸಿ. ಅವಿಲ್ಲದಿದ್ದರೆ ಒಳಗಿನ ಡ್ರಮ್ ಅಲ್ಲಾಡಿ ಹಾಳಾಗಬಹುದು. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಬಣ್ಣದ ಡಬ್ಬಿಗಳು ಲಾರಿಗೆ ಸಲ್ಲ. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಬರೆದು, ಒಳಗಿರುವುದರ ಪಟ್ಟಿ ಮಾಡಿ, ಸಾಗಣೆಯವರ ಸಹಿಯಿರುವ ಪ್ರತಿಯನ್ನು ಇಟ್ಟುಕೊಳ್ಳಿ. ಏನಾದರೂ ಒಡೆದರೆ ವಿಮೆ ಕೇಳಲು ಅದು ಬೇಕಾಗುತ್ತದೆ.

ಮಂಚದ ಸ್ಕ್ರೂಗಳನ್ನು ಚಿಕ್ಕ ಬಟ್ಟೆಚೀಲದಲ್ಲಿ ಹಾಕಿ ಮಂಚದ ಕಾಲಿಗೇ ಬಿಗಿಯಾಗಿ ಕಟ್ಟಿ. ನಾನೊಮ್ಮೆ ಅವನ್ನು ಬೇರೆ ಪೆಟ್ಟಿಗೆಗೆ ಹಾಕಿದ್ದರಿಂದ, ಮಂಡಿನೋವಿದ್ದ ನಮ್ಮ ತಾಯಿ ಹೊಸ ಮನೆಯಲ್ಲಿ ಎರಡು ರಾತ್ರಿ ನೆಲದ ಮೇಲೆ ಮಲಗಬೇಕಾಯಿತು. ಅದು ಇಂದಿಗೂ ಮನಸ್ಸಿಗೆ ನೋವು ತರುತ್ತದೆ.

ಸಾಧ್ಯವಾದರೆ ನಿಮ್ಮಲ್ಲೊಬ್ಬರು ಲಾರಿ ತಲುಪುವ ಹೊತ್ತಿಗೆ ಮೊದಲೇ ಅಲ್ಲಿದ್ದು, ಅತ್ತೆಯವರ ಮಂಚವನ್ನು ಹಳೆಯ ಕೋಣೆಯಲ್ಲಿದ್ದಂತೆಯೇ, ಗೋಡೆ ಅದೇ ಪಕ್ಕಕ್ಕೆ ಬರುವಂತೆ ಹಾಕಿಸಿ. ಅವರು ಬಂದ ದಿನ ಬೆಳಕಿರುವಾಗಲೇ ಕೈಹಿಡಿದು ಮಂಚದಿಂದ ಬಚ್ಚಲುಮನೆಯವರೆಗೆ ಎರಡು ಮೂರು ಸಲ ನಡೆಸಿ, ಹೊಸ್ತಿಲು ಎಲ್ಲಿದೆ, ಸ್ವಿಚ್ಚು ಎಲ್ಲಿದೆಯೆಂದು ಮುಟ್ಟಿಸಿ ತೋರಿಸಿ. ಆ ದಾರಿಯಲ್ಲಿ ಒಂದು ಪೆಟ್ಟಿಗೆಯನ್ನೂ ಇಡಬೇಡಿ. ರಾತ್ರಿಯಿಡೀ ಅಲ್ಲೊಂದು ಮಂದ ದೀಪ ಉರಿಯುತ್ತಿರಲಿ.